ಕಣ್ಣಳತೆ

ಹಿರೇಬೂದೂರು ತಾಲ್ಲೂಕು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಔಷಧ ಕೊಡುವ ಹೊತ್ತು. ಹಿರಿಯ ನರ್ಸ್ ಸುವಾರ್ತಾ ಏಳನೇ ಮಂಚದ ತುಂಗಮ್ಮನ ಮಾತ್ರೆಗಾಗಿ ಔಷಧದ ಕಪಾಟಿನ ಮುಂದೆ ನಿಂತಳು. ಕಪಾಟು ತೆರೆಯಲಿಲ್ಲ. ಅದರ ಬಾಗಿಲ ಮೇಲಿದ್ದ ಅಂಗೈಯಗಲದ ಪರದೆಯಲ್ಲಿ ಎರಡು ಹೆಸರುಗಳು ಅಕ್ಕಪಕ್ಕ ಮೂಡಿದವು. ಎರಡೂ ತುಂಗಮ್ಮ ಎಂದೇ ಇದ್ದವು. ಒಂದು ವಾರ್ಡಿನ ದಾಖಲೆಯದು, ಇನ್ನೊಂದು ರಕ್ತಪರೀಕ್ಷೆಯ ಕೋಣೆಯಿಂದ ಬಂದ ವರದಿಯದು. ಕೆಳಗೆ ಒಂದು ಪ್ರಶ್ನೆ: 'ಕಣ್ಣಿಗೆ ಇವೆರಡೂ ಒಂದೇ, ಬರೆದಿರುವ ರೀತಿ ಬೇರೆ. ಇಬ್ಬರೂ ಒಬ್ಬರೇನಾ?'

ಸುವಾರ್ತಾ ಏಳನೇ ಮಂಚದ ಬಳಿ ಹೋದಳು.

"ನಿನ್ನ ಪೂರ್ತಿ ಹೆಸರು ಹೇಳವ್ವಾ."

"ತುಂಗಮ್ಮ ರೀ. ನಮ್ಮ ಮನಿಯವ್ರು ಅಯ್ಯಣ್ಣ. ಊರು ಗುಂಜಳ್ಳಿ."

"ನಿನ್ನೆ ರಕ್ತ ಕೊಟ್ಟೀಯೇನು?"

"ಕೊಟ್ಟೀನ್ರಿ. ನೋಡ್ರಿ, ಈ ಕೈಯಾಗ ಚುಚ್ಚ್ಯಾರ."

ಸುವಾರ್ತಾ ವಾಪಸು ಬಂದು 'ಹೌದು' ಎಂಬುದನ್ನು ಒತ್ತಿದಳು. ರಕ್ತದ ವರದಿ ತುಂಗಮ್ಮನ ದಾಖಲೆಗೆ ಬಂದು ಸೇರಿತು. ಅವಳ ಮೂತ್ರಪಿಂಡ ದಣಿದಿದೆಯೆಂದು ಆ ವರದಿಯಲ್ಲಿತ್ತು. ಯಂತ್ರ ಅದನ್ನು ವೈದ್ಯರಿಗೆ ತಿಳಿಸಿತು, ಅವರು ಪ್ರಮಾಣ ಬದಲಿಸಿದರು, ಕಪಾಟು ಅರ್ಧ ಅಳತೆಯ ಮಾತ್ರೆಯನ್ನು ಹೊರಗಿಟ್ಟಿತು. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ.

"ಏನಾತ್ರಿ ಸಿಸ್ಟರ್? ಗುಳಿಗಿ ಖಾಲಿ ಆಗ್ಯಾವೇನ್ರಿ?" ಎಂದು ತುಂಗಮ್ಮನ ಸೊಸೆ ಗಾಬರಿಯಿಂದ ಕೇಳಿದಳು.

"ಇಲ್ಲವಾ. ಯಂತ್ರಕ್ಕ ಒಂದ್ ಅನುಮಾನ ಬಂತು, ಕೇಳ್ತು, ಹೇಳ್ದೆ. ಅಷ್ಟ."

ಇದು 2063ನೆಯ ಇಸವಿ. ರಾಜ್ಯದ ಯಾವ ಆಸ್ಪತ್ರೆಗೆ ಹೋದರೂ ಇಂಥ ಪ್ರಶ್ನೆ ದಿನಕ್ಕೆ ಹತ್ತಾರು ಸಲ ಕೇಳಿಬರುತ್ತದೆ. ಯಾರೂ ಅದನ್ನು ದೊಡ್ಡದಾಗಿ ಎಣಿಸುವುದಿಲ್ಲ. ಪ್ರಶ್ನೆ ಕೇಳುವ ಆ ವ್ಯವಸ್ಥೆಯ ಹೆಸರು ಕಣ್ಣಳತೆ. ಎಂಟು ವರ್ಷಗಳ ಹಿಂದೆ ಅದು ಇರಲಿಲ್ಲ. ಇಲ್ಲದ್ದರಿಂದಲೇ ಸುವಾರ್ತಾ ಇದೇ ಆಸ್ಪತ್ರೆಯಿಂದ ಹೊರಬಿದ್ದು ಹನ್ನೊಂದು ತಿಂಗಳು ಮನೆಯಲ್ಲಿ ಕೂತಿದ್ದಳು.

*

2055ರ ಜನವರಿಯಲ್ಲಿ ಊರಿನ ಟೈಲರ್ ಹುಸೇನಪ್ಪ ಕಾಲಿನ ಗಾಯ ಕೀವಾಗಿ ಆಸ್ಪತ್ರೆಗೆ ಸೇರಿದ. ಅರವತ್ತೆರಡು ವರ್ಷದ, ಮಾತುಗಾರ ಮನುಷ್ಯ. ದಾಖಲೆ ಬರೆದುಕೊಳ್ಳುತ್ತಿದ್ದ ಸುವಾರ್ತಾ, ಮೈಗೆ ಒಗ್ಗದ ಔಷಧ ಯಾವುದಾದರೂ ಇದೆಯೇ ಎಂದು ಕೇಳಿದಳು.

"ಆಂಪಿಸಿಲಿನ್ ಆಗಂಗಿಲ್ಲವಾ. ಹುಡುಗ ಇದ್ದಾಗ ಒಮ್ಮೆ ಕೊಟ್ಟಿದ್ರು. ಮುಖ ಕುಂಬಳಕಾಯಿ ಆಗಿ, ಉಸಿರ ಹೋದಂಗ ಆಗಿತ್ತು. ಅದನ್ನ ದೊಡ್ಡ ಅಕ್ಷರದಾಗ ಬರಿ."

ಸುವಾರ್ತಾ 'ಕೊಡಬಾರದ ಔಷಧ' ಎಂಬ ಚೌಕದಲ್ಲಿ ಆ ಹೆಸರನ್ನು ಟೈಪ್ ಮಾಡಿದಳು. ವಾರ್ಡಿನ ಕೀಬೋರ್ಡು ಹಳೆಯದು. ಅದರ ಒಂದೆರಡು ಕೀಗಳು ಸತ್ತು ವರ್ಷವೇ ಆಗಿತ್ತು. ಹೊಸದು ಬೇಕೆಂದು ಬರೆದ ಮೂರು ಅರ್ಜಿಗಳು ಎಲ್ಲೋ ಕೂತಿದ್ದವು. ನರ್ಸುಗಳೆಲ್ಲ ಹೇಗೋ ಹೊಂದಿಸಿಕೊಂಡು ಬರೆಯುತ್ತಿದ್ದರು. ಸುವಾರ್ತಾ ಬರೆದದ್ದನ್ನು ಪರದೆಯ ಮೇಲೆ ನೋಡಿ ಹುಸೇನಪ್ಪನಿಗೆ ಕೇಳುವಂತೆ ಓದಿದಳು. "ಬರೋಬ್ಬರಿ ಅದ," ಎಂದ ಅವನು.

ಮರುದಿನ ಮಧ್ಯಾಹ್ನ ಅವಳ ಪಾಳಿ ಇರಲಿಲ್ಲ. ಹೊಸದಾಗಿ ಬಂದಿದ್ದ ವೈದ್ಯರು ಗಾಯಕ್ಕೆಂದು ಆಂಪಿಸಿಲಿನ್ ಬರೆದರು. ರೋಗಿಗೆ ಆಗದ ಔಷಧಗಳ ಪಟ್ಟಿಯನ್ನು ಯಂತ್ರ ಹೋಲಿಸಿ ನೋಡಿತು, ಅಡ್ಡಿಯೇನೂ ಇಲ್ಲವೆಂದು ಹಸಿರು ದೀಪ ತೋರಿಸಿತು. ಆ ಹೊತ್ತಿನ ನರ್ಸ್ ಚುಚ್ಚುಮದ್ದು ಕೊಟ್ಟಳು. ಮೂರು ನಿಮಿಷದಲ್ಲಿ ಹುಸೇನಪ್ಪನ ಗಂಟಲು ಬಾತು, ರಕ್ತದೊತ್ತಡ ಕುಸಿದು, ತುಟಿ ನೀಲಿಯಾಯಿತು. ಪುಣ್ಯಕ್ಕೆ ವೈದ್ಯರು ಪಕ್ಕದ ಮಂಚದ ಬಳಿಯೇ ಇದ್ದರು. ಅಡ್ರಿನಲಿನ್ ಕೊಟ್ಟು, ಉಸಿರಿನ ಕೊಳವೆ ಹಾಕಿ, ರಾಯಚೂರಿಗೆ ಸಾಗಿಸಿದರು. ಎರಡು ದಿನ ಅವನಿಗೆ ಪ್ರಜ್ಞೆಯಿರಲಿಲ್ಲ. ಮೂರನೆಯ ದಿನ ಕಣ್ಣು ತೆರೆದು ಚಹಾ ಕೇಳಿದ.

ಮನುಷ್ಯ ಉಳಿದ. ಆದರೆ ತಪ್ಪು ಯಾರದ್ದೆಂದು ಗೊತ್ತಾಗಬೇಕಿತ್ತು. ಮೂವರ ವಿಚಾರಣಾ ಸಮಿತಿ ಬಂತು. ಅದರ ಅಧ್ಯಕ್ಷ ಡಾ. ಅಮರೇಗೌಡರು ತಮ್ಮ ಕಂಪ್ಯೂಟರಿನ ಹುಡುಕುವ ಚೌಕದಲ್ಲಿ ಕೈಯಾರೆ 'ಆಂಪಿಸಿಲಿನ್' ಎಂದು ಬರೆದು ಹುಸೇನಪ್ಪನ ದಾಖಲೆಯಲ್ಲಿ ಹುಡುಕಿಸಿದರು. 'ಇಂಥ ಪದ ದಾಖಲೆಯಲ್ಲಿಲ್ಲ' ಎಂದಿತು ಯಂತ್ರ. ಎರಡನೆಯ ಸಲವೂ, ಮೂರನೆಯ ಸಲವೂ ಅದನ್ನೇ ಹೇಳಿತು. 'ಕೊಡಬಾರದ ಔಷಧ' ಎಂಬ ಚೌಕವೂ ಖಾಲಿಯಿತ್ತು.

"ನಾ ಬರದೀನ್ರಿ ಸರ್," ಎಂದಳು ಸುವಾರ್ತಾ. "ಬರದು, ಓದಿ ಹೇಳೀನಿ."

"ಬರೆದಿದ್ರೆ ಎಲ್ಲಿ ಹೋಯ್ತಮ್ಮಾ? ಯಂತ್ರಕ್ಕೇನು ನಿಮ್ಮ ಮೇಲೆ ದ್ವೇಷವೇ?" ಎಂದರು ಅಧ್ಯಕ್ಷರು. ಒರಟಾಗಿ ಹೇಳಲಿಲ್ಲ. ನಿಜವಾಗಿಯೂ ಅವರಿಗೆ ಅದಕ್ಕಿಂತ ಬೇರೆ ದಾರಿ ಕಾಣಲಿಲ್ಲ. ಹುಸೇನಪ್ಪನ ಹೇಳಿಕೆಯನ್ನೂ ಪಡೆದರು. ಜ್ವರದ ಮನುಷ್ಯ, ಆಮೇಲೆ ಎರಡು ದಿನ ಪ್ರಜ್ಞೆ ತಪ್ಪಿದವನು. ಅವನ ನೆನಪನ್ನು ನಂಬಲಾಗದು ಎಂದು ಬರೆದುಕೊಂಡರು. ಸುವಾರ್ತಾ ಅಮಾನತಾದಳು. ವರ್ಷದೊಳಗೆ ತನ್ನ ಮಾತು ಸಾಬೀತು ಮಾಡದಿದ್ದರೆ ನರ್ಸಿಂಗ್ ನೋಂದಣಿಯೇ ರದ್ದಾಗಲಿತ್ತು.

ಹದಿನಾರು ವರ್ಷ ವಾರ್ಡಿನಲ್ಲಿ ಓಡಾಡಿದ ಕಾಲುಗಳು. ಮನೆಯಲ್ಲಿ ಸುಮ್ಮನೆ ಕೂರುವುದು ಅವಳಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಸಿಕ್ಕವರು ಅನುಕಂಪದಿಂದ ಮಾತಾಡಿಸಿದರೂ, ತಮ್ಮ ಮಕ್ಕಳಿಗೆ ಜ್ವರ ಬಂದಾಗ ಮೊದಲಿನಂತೆ ಅವಳ ಬಾಗಿಲು ತಟ್ಟುತ್ತಿರಲಿಲ್ಲ. ಚರ್ಚಿನಲ್ಲಿ ಒಬ್ಬಾಕೆ, "ದಣಿವಿನಾಗ ಮರ್ತಿರ್ತೀ, ದೇವ್ರು ಕ್ಷಮಿಸ್ತಾನ," ಎಂದು ಸಮಾಧಾನ ಹೇಳಿದ ದಿನ ಅವಳು ಪ್ರಾರ್ಥನೆ ಮುಗಿಯುವ ಮೊದಲೇ ಎದ್ದು ಬಂದಳು.

ಹುಸೇನಪ್ಪ ಮಾತ್ರ ಸುಮ್ಮನಿರಲಿಲ್ಲ. ಕಾಲು ವಾಸಿಯಾದ ಮೇಲೆ ಆಸ್ಪತ್ರೆಗೆ ಹೋಗಿ, ತನ್ನ ದಾಖಲೆಯ ಪ್ರತಿಯೊಂದು ಹಾಳೆಯನ್ನೂ ಅಚ್ಚು ಮಾಡಿಕೊಡಿ ಎಂದು ಪಟ್ಟು ಹಿಡಿದ. ಸಾರಾಂಶ ಸಾಕಲ್ಲವೇ ಎಂದರು. "ಬಟ್ಟಿ ಕೊಟ್ಟವ್ರು ಪೂರಾ ಬಟ್ಟಿ ವಾಪಸ್ ಕೇಳ್ತಾರ್ರಿ, ತುಂಡು ತೋರಿಸಿದ್ರ ನಡೀತದೇನು?" ಎಂದ. ತಿಂಗಳುಗಟ್ಟಲೆ ಓಡಾಡಿಸಿದ ಮೇಲೆ ಅಕ್ಟೋಬರಿನಲ್ಲಿ ನಲವತ್ತಾರು ಹಾಳೆ ಕೊಟ್ಟರು. ಕೊನೆಯ ಹಾಳೆಯ ಅಡಿಯಲ್ಲಿ 'ಗುರುತಿಸಲಾಗದ ಪದಗಳು' ಎಂಬ ತಲೆಬರಹವಿತ್ತು. ಅದರ ಕೆಳಗೆ ಒಂದೇ ಒಂದು ಪದ: ಆ೦ಪಿಸಿಲಿನ್.

ಆ ಹಾಳೆಯನ್ನು ಹಿಡಿದು ಇಬ್ಬರೂ ಸಮಿತಿಯ ಮುಂದೆ ಹೋದರು. ಡಾ. ಅಮರೇಗೌಡರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪದ ಕಣ್ಣೆದುರಿಗೇ ಇದೆ. ಆದರೆ ಅದೇ ದಾಖಲೆಯನ್ನು ಯಂತ್ರದಲ್ಲಿ ಹುಡುಕಿದರೆ ಈಗಲೂ ಇಲ್ಲವೆನ್ನುತ್ತಿದೆ. ಯಾರಾದರೂ ಆಮೇಲೆ ತಿದ್ದಿರಬಹುದೇ? ಅವರು ದಾಖಲೆಯನ್ನೂ ಹಾಳೆಯನ್ನೂ ಪರಿಶೀಲನೆಗೆಂದು ಧಾರವಾಡದ ಒಂದು ಭಾಷಾತಂತ್ರಜ್ಞಾನ ಸಂಸ್ಥೆಗೆ ಕಳಿಸಿದರು.

*

ಅಲ್ಲಿ ಅದು ಬಂದದ್ದು ಡಾ. ನಿವೇದಿತಾ ಬಳಿಗಾರಳ ಮೇಜಿಗೆ. ಐವತ್ತೇಳು ವರ್ಷದ ನಿವೇದಿತಾ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಿಸುವ ಕೆಲಸದಲ್ಲೇ ಕೂದಲು ನರೆಸಿಕೊಂಡವಳು. ಹಾಳೆಯನ್ನು ನೋಡಿದಾಗ ಅವಳಿಗೂ ಏನೂ ಹೊಳೆಯಲಿಲ್ಲ. ಪದದ ಒಳಗಿನ ಸಂಖ್ಯೆಗಳನ್ನು ತೆರೆದು ನೋಡಿದಳು. ಆಗ ಗೊತ್ತಾಯಿತು.

ಯಂತ್ರಕ್ಕೆ ಅಕ್ಷರದ ಆಕಾರ ತಿಳಿಯದು. ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿಟ್ಟ ಪಟ್ಟಿಯೊಂದಿದೆ; ಅದಕ್ಕೆ ಯೂನಿಕೋಡ್ ಎನ್ನುತ್ತಾರೆ. ನಾವು ಅಕ್ಷರ ಒತ್ತಿದರೆ ಯಂತ್ರದೊಳಗೆ ಹೋಗುವುದು ಆ ಸಂಖ್ಯೆ. ಕನ್ನಡದ ಅನುಸ್ವಾರದ ಸಂಖ್ಯೆ 3202. ಕನ್ನಡದ ಅಂಕಿಗಳಲ್ಲಿನ ಸೊನ್ನೆಯ ಸಂಖ್ಯೆ 3302. ಪರದೆಯ ಮೇಲೆ ಎರಡೂ ಒಂದು ದುಂಡನೆಯ ಉಂಗುರ. ಹುಸೇನಪ್ಪನ ದಾಖಲೆಯಲ್ಲಿ 'ಆ' ಅಕ್ಷರದ ಮುಂದೆ ಇದ್ದದ್ದು 3302. ಔಷಧದ ಹೆಸರಿನ ನಡುವೆ ಒಂದು ಅಂಕಿ! ಯಂತ್ರಕ್ಕೆ ಅದು ಅರ್ಥವಿಲ್ಲದ ಪದವಾಗಿ ಕಂಡಿತು. ಅರ್ಥವಾಗಲಿಲ್ಲ ಎಂದು ಅದು ಯಾರಿಗೂ ಹೇಳಲಿಲ್ಲ. ಚೌಕದಿಂದ ತೆಗೆದು ಕೊನೆಯ ಹಾಳೆಯ ಅಡಿಗೆ ತಳ್ಳಿ ಸುಮ್ಮನಾಯಿತು.

ತಿದ್ದಿದ ಗುರುತೇನೂ ಇರಲಿಲ್ಲ. ಪದ ದಾಖಲಾದ ಸಮಯ, ಹುಸೇನಪ್ಪ ಆಸ್ಪತ್ರೆ ಸೇರಿದ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಹದಿನೆಂಟು ನಿಮಿಷ.

ಇಷ್ಟನ್ನು ಒಂದು ಪುಟದ ವರದಿಯಲ್ಲಿ ಬರೆದು ಕಳಿಸಿದ್ದರೆ ನಿವೇದಿತಾಳ ಕೆಲಸ ಮುಗಿಯುತ್ತಿತ್ತು. ಆದರೆ ಆ ಹಾಳೆಯ ಅಕ್ಷರಗಳನ್ನು ಅವಳು ಮತ್ತೊಮ್ಮೆ ನೋಡಿದಳು. ಅವುಗಳ ತಲೆಕಟ್ಟಿನ ಬಾಗು ಅವಳಿಗೆ ತನ್ನ ಕೈಬರಹದಷ್ಟೇ ಪರಿಚಿತ. ಅದು ಹೊನ್ನೆ ಎಂಬ ಅಕ್ಷರಶೈಲಿ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವಳೇ ಬಿಡಿಸಿದ್ದು. ಅನುಸ್ವಾರವನ್ನೂ ಸೊನ್ನೆಯನ್ನೂ ಬೇರೆ ಬೇರೆ ಗಾತ್ರದಲ್ಲಿ ಬರೆದಾಗ ಸಾಲು ಸ್ವಲ್ಪ ಎಗುಡುದಿಗುಡಾಗಿ ಕಂಡಿತ್ತು. ಎರಡಕ್ಕೂ ಒಂದೇ ಉಂಗುರ ಕೂರಿಸಿದಾಗ ಪುಟ ನಕ್ಕಂತಾಯಿತು. ಆ ಅಂದಕ್ಕಾಗಿಯೇ ಹೊನ್ನೆ ಕಚೇರಿಗಳಿಗೂ ಆಸ್ಪತ್ರೆಗಳಿಗೂ ಹಬ್ಬಿತ್ತು. ಎಲ್ಲರೂ ಮೆಚ್ಚಿದ್ದರು, ಅವಳೂ ಹಿಗ್ಗಿದ್ದಳು.

ಮರುದಿನ ಬೆಳಿಗ್ಗೆಯೇ ಅವಳು ಹಿರೇಬೂದೂರಿಗೆ ಹೊರಟಳು.

*

ಹಳೇ ಬಸ್ ನಿಲ್ದಾಣದ ಎದುರು ಹುಸೇನಪ್ಪನ ಅಂಗಡಿ. ನಿವೇದಿತಾ ಮೊದಲು ಅಲ್ಲಿಗೇ ಹೋದಳು. ಅವನು ಸುವಾರ್ತಾಳಿಗೂ ಹೇಳಿಕಳಿಸಿದ. ಅವಳು ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು. ಧಾರವಾಡದಿಂದ ಬಂದವರೆಂದರೆ ಇನ್ನೊಂದು ವಿಚಾರಣೆಯೇ ಇರಬೇಕೆಂದು ಅವಳ ಮುಖ ಬಿಗಿದಿತ್ತು.

"ಒಂದೇ ಮಾತು ಕೇಳ್ತೀನಿ," ಎಂದಳು ನಿವೇದಿತಾ. "ಆಂಪಿಸಿಲಿನ್ ಅಂತ ಬರೆಯೋವಾಗ 'ಆ' ಆದ್ಮೇಲೆ ಯಾವ ಕೀ ಒತ್ತಿದ್ರಿ, ನೆನಪದ ಏನು?"

"ಸೊನ್ನಿ ಒತ್ತೀನ್ರಿ."

"ಯಾವ ಸೊನ್ನೆ?"

ಸುವಾರ್ತಾ ಅವಳನ್ನೇ ನೋಡಿದಳು. "ಸೊನ್ನಿಯೊಳಗ ಯಾವ್ದು ಅಂದ್ರ ಏನ್ರಿ ಮೇಡಂ? ಸಾಲಿಯೊಳಗ 'ಅ'ಕ್ಕ ಸೊನ್ನಿ ಕೊಟ್ರ 'ಅಂ' ಅಂತ ಕಲಿಸ್ಯಾರ. ಆ ಬಟನ್ ಕೆಟ್ಟಿತ್ತು. ಅಂಕಿ ಸಾಲಿನಾಗ ಇನ್ನೊಂದು ಸೊನ್ನಿ ಇತ್ತು, ಅದನ್ನ ಒತ್ತೀನಿ. ಪರದಿ ಮ್ಯಾಲ ಚಂದಾಗಿ ಬಂತು."

ಮೂವತ್ತು ವರ್ಷ ಈ ಎರಡು ಚಿಹ್ನೆಗಳನ್ನು ಎರಡು ಸಂಖ್ಯೆಗಳೆಂದೇ ನೋಡಿಕೊಂಡು ಬಂದವಳು ನಿವೇದಿತಾ. ಕನ್ನಡಿಗರ ಬಾಯಲ್ಲಿ ಎರಡಕ್ಕೂ ಹೆಸರು ಒಂದೇ ಎಂಬುದು ಅವಳಿಗೂ ಗೊತ್ತಿತ್ತು. ಚಿಕ್ಕಂದಿನಲ್ಲಿ ತಾನೂ ಹಾಗೆಯೇ ಕಲಿತಿದ್ದಳು. ಆದರೂ ಎಂದೂ ಅದು ತಲೆಗೆ ಬಂದಿರಲಿಲ್ಲ.

"ನೀವು ಬರೆದಿದ್ರಿ," ಎಂದಳು. "ಹನ್ನೊಂದು ಗಂಟೆ ಹದಿನೆಂಟು ನಿಮಿಷಕ್ಕ ಬರೆದೀರಿ. ಅದು ಇನ್ನೂ ಅಲ್ಲೇ ಅದ. ಯಂತ್ರಕ್ಕ ಓದ್ಲಿಕ್ಕೆ ಬರ್ಲಿಲ್ಲ, ಅಷ್ಟೇ."

"ನಾ ಬರದಿದ್ನಾ?"

"ಬರೆದಿದ್ರಿ."

ಸುವಾರ್ತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಅವಳು ಹೇಳಿದಳು: "ಎಲ್ರೂ ಇಲ್ಲ ಅಂದ್ರ, ಯಂತ್ರನೂ ಇಲ್ಲ ಅಂದ್ರ, ಎಷ್ಟ ದಿನ ಹೌದು ಅನ್ನೋದ್ರಿ? ಹಾಳಿ ಸಿಕ್ಕ ಮ್ಯಾಲೂ ಯಾರೋ ತಿದ್ದ್ಯಾರ ಅಂದ್ರು. ಹೋದ ತಿಂಗಳಿಂದ ನನಗ ನನ್ನ ಮ್ಯಾಲೇ ಅನುಮಾನ ಬರ್ಲಿಕ್ಕೆ ಹತ್ತಿತ್ತು. ಬರದಂಗ ಕನಸ ಬಿತ್ತೇನೋ, ಖರೇ ಬರೀಲಿಲ್ಲೇನೋ ಅಂತ."

"ನಾ ಹೇಳ್ಲಿಲ್ಲೇನು ನಿನಗ?" ಎಂದ ಹುಸೇನಪ್ಪ. "ನನ್ನ ಮುಂದ ಬರದಾಳ, ನನ್ನ ಕಿವಿಗಿ ಓದ್ಯಾಳ ಅಂತ."

"ಇನ್ನೊಂದು ಮಾತು ಹೇಳ್ಬೇಕು," ಎಂದಳು ನಿವೇದಿತಾ. ಆ ಎರಡು ಉಂಗುರಗಳನ್ನು ಒಂದೇ ಮಾಡಿದ್ದು ತಾನೇ ಎಂಬುದನ್ನು ಅವಳು ಏನನ್ನೂ ಬಿಡದೆ ಹೇಳಿದಳು. "ನಾ ಅವನ್ನ ಬೇರೆ ಬೇರೆ ಬರೆದಿದ್ರೆ ಅವತ್ತು ನಿಮ್ಮ ಕಣ್ಣಿಗೆ ತಪ್ಪು ಕಾಣ್ತಿತ್ತು. ಚಂದ ಕಾಣ್ಲಿ ಅಂತ ಮಾಡ್ದೆ."

ಸುವಾರ್ತಾ ಸಿಟ್ಟಾಗಬಹುದೆಂದು ಅವಳು ಕಾದಳು. ಸುವಾರ್ತಾಳ ಮೈಯಲ್ಲಿ ಆಗ ಸಿಟ್ಟಿಗೆ ಜಾಗವಿರಲಿಲ್ಲ. ಹನ್ನೊಂದು ತಿಂಗಳ ಭಾರ ಇಳಿದ ಹೊತ್ತು ಅದು. "ಚಂದನೇ ಅದಾವ್ ಬಿಡ್ರಿ ಅಕ್ಷರ," ಎಂದು ಕಣ್ಣೊರೆಸಿಕೊಂಡು ನಕ್ಕಳು. "ಇದನ್ನ ಸಮಿತಿ ಮುಂದ ಬಂದು ಹೇಳ್ತೀರೇನು?"

"ಅದಕ್ಕೇ ಬಂದೀನಿ."

ಹುಸೇನಪ್ಪ ಚಹಾ ತರಿಸಿದ. ಕುಡಿಯುತ್ತಾ ನಿವೇದಿತಾಳ ಭುಜದ ಕಡೆ ನೋಡಿ, "ನಿಮ್ಮ ಕುಪ್ಪಸದ ಎಡತೋಳು ಅರ್ಧ ಇಂಚು ಸಣ್ಣದಾಗ್ಯದ್ರಿ," ಎಂದ. ಅವಳು ಬೆರಗಾಗಿ ನೋಡಿದಳು. "ಟೇಪ್ ಹಿಡೀಲಿಕ್ಕೆ ಬೇಕಾಗಂಗಿಲ್ರಿ, ಕಣ್ಣಳತಿ ಅದು. ಬಟ್ಟಿ ಕತ್ತರಸೋವಾಗ ಟೇಪೂ ಬೇಕು, ಕಣ್ಣೂ ಬೇಕು. ಎರಡಕ್ಕೂ ತಾಳೆ ಆಗ್ಲಿಲ್ಲ ಅಂದ್ರ ಕತ್ತರಿ ಕೆಳಗಿಟ್ಟು ಗಿರಾಕೀನ ಕೇಳ್ಬೇಕು. ನಿಮ್ಮ ಯಂತ್ರಕ್ಕ ಬರೀ ಟೇಪ್ ಅದ. ಕಣ್ಣಳತಿ ಇಲ್ಲ."

*

ಸಮಿತಿಯ ಮುಂದೆ ನಿವೇದಿತಾ ಭಾಷಣ ಮಾಡಲಿಲ್ಲ. ಗೋಡೆಯ ಪರದೆಯ ಮೇಲೆ ಔಷಧದ ಹೆಸರನ್ನು ಐದು ಸಲ ಬರೆದು, "ಇದ್ರಲ್ಲಿ ಒಂದು ಬೇರೆ ಅದ. ಯಾವ್ದು ಹೇಳ್ರಿ," ಎಂದಳು. ಮೂವರು ಸದಸ್ಯರೂ ಎದ್ದು ಹತ್ತಿರ ಬಂದು ನೋಡಿದರು. ಒಬ್ಬರು ಎರಡನೆಯದೆಂದರು, ಇನ್ನೊಬ್ಬರು ಐದನೆಯದೆಂದರು. ಡಾ. ಅಮರೇಗೌಡರು ಮಾತ್ರ, "ಎಲ್ಲವೂ ಒಂದೇ," ಎಂದರು. ಬೇರೆಯಾಗಿದ್ದದ್ದು ಮೂರನೆಯದು. ಅದನ್ನು ಹುಡುಕಲು ಹೇಳಿದಾಗ ಯಂತ್ರ 'ಇಲ್ಲ' ಎಂದಿತು.

ಅಧ್ಯಕ್ಷರು ಸುವಾರ್ತಾಳ ಕಡೆ ತಿರುಗಿದರು. "ನಾನು ಯಂತ್ರವನ್ನ ಮೂರು ಸಲ ಕೇಳ್ದೆ, ಅಮ್ಮಾ. ನಿಮ್ಮನ್ನ ಒಂದು ಸಲ ಕೂಡ ಸರಿಯಾಗಿ ಕೇಳ್ಲಿಲ್ಲ," ಎಂದರು. ಅಮಾನತು ರದ್ದಾಯಿತು. ಮರು ಸೋಮವಾರ ಸುವಾರ್ತಾ ಕೆಲಸಕ್ಕೆ ಹೋದಾಗ ಮೇಜಿನ ಮೇಲೆ ಹೊಸ ಕೀಬೋರ್ಡು ಇತ್ತು. ಆ ವಾರದಲ್ಲಿ ಜ್ವರದ ಕೂಸನ್ನು ಎತ್ತಿಕೊಂಡು ಒಬ್ಬಾಕೆ ಅವಳ ಮನೆಯ ಬಾಗಿಲು ತಟ್ಟಿದಳು.

ನಿವೇದಿತಾ ಧಾರವಾಡಕ್ಕೆ ಹೋಗಿ ಮೊದಲು ಹೊನ್ನೆಯ ಸೊನ್ನೆಯನ್ನು ತಿದ್ದಿದಳು. ಅಷ್ಟರಿಂದ ತೀರದೆಂದು ಅವಳಿಗೆ ಗೊತ್ತಿತ್ತು. ಇಂಗ್ಲಿಷಿನ ದುಂಡಗಿನ ಒಂದು ಅಕ್ಷರ ರಷ್ಯನ್ ಭಾಷೆಯಲ್ಲೂ ಗ್ರೀಕ್ ಭಾಷೆಯಲ್ಲೂ ಅದೇ ರೂಪದಲ್ಲಿದೆ, ಮೂರಕ್ಕೂ ಬೇರೆ ಬೇರೆ ಸಂಖ್ಯೆ. ಕನ್ನಡದ ಹಲವು ಅಕ್ಷರಗಳಿಗೆ ತೆಲುಗಿನಲ್ಲಿ ಜೋಡಿಗಳಿವೆ. 'ರ್‍ಯಾಂಕ್' ಎಂದು ಬರೆಯುವಾಗ 'ರ'ಕಾರ ಅರ್ಕಾವತ್ತಾಗದೆ ಪೂರ್ಣ ಅಕ್ಷರವಾಗಿಯೇ ಉಳಿಯಲು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಒತ್ತಬೇಕಾಗುತ್ತದೆ. ಅದು ಪದದ ಕೊನೆಯಲ್ಲಿ ಉಳಿದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಯಂತ್ರವೊಂದಕ್ಕೆ ಮಾತ್ರ ಪದ ಬೇರೆಯಾಗುತ್ತದೆ. ಒಂದೊಂದನ್ನೇ ಹುಡುಕಿ ತಿದ್ದುತ್ತ ಹೋದರೆ ಆಯುಷ್ಯ ಸಾಲದು.

ಅವಳು ಬೇರೆ ದಾರಿ ಹಿಡಿದಳು. ಟೈಪ್ ಮಾಡಿದ ಪ್ರತಿಯೊಂದು ಪದವನ್ನೂ ಯಂತ್ರ ತನ್ನೊಳಗೆ ಚಿತ್ರವಾಗಿ ಬರೆದುಕೊಳ್ಳಬೇಕು. ಮನುಷ್ಯ ನೋಡುವಂತೆ ಆ ಚಿತ್ರವನ್ನು ನೋಡಬೇಕು. ಸಂಖ್ಯೆ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ತಾಳೆಯಾಗದಿದ್ದರೆ ಎಚ್ಚರಗೊಳ್ಳಬೇಕು. ಈ ಕಣ್ಣನ್ನು ಕಲಿಸಲು ಅವಳು ವಿಜ್ಞಾನಿಗಳನ್ನು ಕರೆಯಲಿಲ್ಲ. ಅಂಚೆಯವರು, ನರ್ಸುಗಳು, ಶಾಲೆಯ ಮಾಸ್ತರರು, ಮುದ್ರಣಾಲಯದಲ್ಲಿ ಕರಡು ತಿದ್ದುವವರು ಹೀಗೆ ಎಂಟುನೂರು ಜನ ಎರಡು ವರ್ಷ ಪದಗಳ ಜೋಡಿಗಳನ್ನು ನೋಡಿ, ಇದು ಒಂದೇ, ಇದು ಬೇರೆ ಎಂದು ಹೇಳುತ್ತ ಹೋದರು. ಯಂತ್ರ ಅವರಿಂದ ನೋಡಲು ಕಲಿಯಿತು. ಅದಕ್ಕೆ ಕಣ್ಣಳತೆ ಎಂದು ಹೆಸರಿಟ್ಟಳು. ಹೆಸರು ಕೊಟ್ಟವರು ಯಾರೆಂದು ಪತ್ರಿಕೆಯವರು ಕೇಳಿದಾಗ, ನಮ್ಮ ಟೈಲರ್ ಎಂದಳು.

2058ರಲ್ಲಿ ಮೊದಲ ಪ್ರಯೋಗ ನಡೆದದ್ದು ಹಿರೇಬೂದೂರಿನಲ್ಲಿಯೇ. ಆಗಿನ ಕಣ್ಣಳತೆ ತನಗೆ ತೋಚಿದಂತೆ ತಪ್ಪನ್ನು ತಾನೇ ತಿದ್ದಿಬಿಡುತ್ತಿತ್ತು. ಮೂರು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ನಾಲ್ಕನೆಯ ವಾರ ಒಂದು ಕೂಸಿನ ರಕ್ತದ ಸೀಸೆ ಕಾಣೆಯಾಯಿತು. ಪರೀಕ್ಷೆಯ ಕೋಣೆಯಲ್ಲಿ ಸೀಸೆಗಳಿಗೆ ಸಾಲಿನ ಅಕ್ಷರ, ಮುಂದೆ ಎರಡಂಕಿಯ ಸಂಖ್ಯೆ ಬರೆಯುವ ಪದ್ಧತಿ. ಆ ಸೀಸೆ 'ಕ' ಸಾಲಿನ ಸೊನ್ನೆ ಐದನೆಯದು, ಎಂದರೆ 'ಕ೦೫'. ಅಲ್ಲಿ ನಿಜಕ್ಕೂ ಸೊನ್ನೆಯೇ ಇರಬೇಕಿತ್ತು. ಅಕ್ಷರದ ಮುಂದೆ ಬಂದ ಉಂಗುರವನ್ನು ಕಣ್ಣಳತೆ ಅನುಸ್ವಾರವೆಂದು ಬಗೆದು ತಿದ್ದಿತ್ತು. 'ಕಂ' ಎಂಬ ಸಾಲೇ ಆ ಕೋಣೆಯಲ್ಲಿಲ್ಲ! ಸುವಾರ್ತಾ ಯಂತ್ರವನ್ನು ಬಿಟ್ಟು, ಕಪಾಟಿನ ಬಳಿ ಹೋಗಿ ಸೀಸೆಗಳನ್ನು ಒಂದೊಂದಾಗಿ ಎತ್ತಿ ನೋಡಿ ಕಾಲು ಗಂಟೆಯಲ್ಲಿ ಅದನ್ನು ಹುಡುಕಿದಳು. ಕೂಸಿಗೆ ತೊಂದರೆಯಾಗಲಿಲ್ಲ. ನಿವೇದಿತಾ ಮಾತ್ರ ತಲೆ ಹಿಡಿದು ಕೂತಳು.

"ಮೊದ್ಲು ಕಣ್ಣಿಲ್ದೆ ತಪ್ಪು ಮಾಡ್ತು, ಈಗ ಕಣ್ಣಿದ್ದು ಮಾಡ್ತು," ಎಂದಳು. "ನಿಯಮ ಇನ್ನೂ ಬಿಗಿ ಮಾಡ್ಬೇಕು."

"ನಿಯಮ ಯಾಕ ಮೇಡಂ?" ಎಂದಳು ಸುವಾರ್ತಾ. "ಡಾಕ್ಟರ್ ಕೈಬರಹ ತಿಳೀಲಿಲ್ಲ ಅಂದ್ರ ನಾವೇನ್ ಮಾಡ್ತೀವಿ? ಅಂದಾಜಿಲೆ ಗುಳಿಗಿ ಕೊಡ್ತೀವೇನು? ಹೋಗಿ ಕೇಳ್ತೀವಿ. ಇದನ್ನೂ ಕೇಳ್ಲಿಕ್ಕೆ ಹಚ್ರಿ."

"ಪ್ರತಿಯೊಂದಕ್ಕೂ ಕೇಳಿದ್ರೆ ನಿಮಗೆ ಕೆಲಸ ಜಾಸ್ತಿ ಆಗ್ತದ."

"ಒಂದ್ ಮಾತಿಗಿ ಎಷ್ಟ ಹೊತ್ತು ಬೇಕ್ರಿ? ನಾ ಹನ್ನೊಂದ್ ತಿಂಗ್ಳು ಕೊಟ್ಟೀನಿ."

ಅಂದಿನಿಂದ ಕಣ್ಣಳತೆ ತಿದ್ದುವುದನ್ನು ಬಿಟ್ಟು ಕೇಳುವುದನ್ನು ಕಲಿಯಿತು. ನಿವೇದಿತಾಳ ಸಹೋದ್ಯೋಗಿಗಳಿಗೆ ಮೊದಲು ಇದು ಹಿನ್ನಡೆಯೆನಿಸಿತು. ಯಂತ್ರವೆಂದರೆ ಉತ್ತರ ಹೇಳಬೇಕು, ಪ್ರಶ್ನೆ ಕೇಳುವುದೆಂದರೇನು ಎಂದರು. ಆದರೆ ಜನರಿಗೆ ಹಿಡಿಸಿದ್ದು ಅದೇ. ಆಸ್ಪತ್ರೆಗಳಿಂದ ಶಾಲೆಗಳಿಗೆ, ರೈಲಿನ ಕಚೇರಿಗಳಿಗೆ, ಮತದಾರರ ಪಟ್ಟಿಗೆ ಅದು ಹಬ್ಬಿತು. ಕೌಂಟರಿನ ಈಚೆ ನಿಂತವರ ಮಾತು ಬದಲಾಯಿತು. ಮೊದಲು 'ನಿಮ್ಮ ಹೆಸರು ಇಲ್ಲ' ಎಂದು ಕೇಳಿ ತಲೆತಗ್ಗಿಸಿ ಹೋಗುತ್ತಿದ್ದವರು, ಈಗ 'ಇನ್ನೊಮ್ಮೆ ನೋಡ್ರಿ, ಇರ್ಬೇಕು' ಎನ್ನತೊಡಗಿದರು. ಕ್ರಮೇಣ ಕೌಂಟರಿನ ಆಚೆ ಕೂತವರಿಗೂ ಇನ್ನೊಮ್ಮೆ ನೋಡುವುದು ಅಭ್ಯಾಸವಾಯಿತು.

*

2063ರ ಕೊನೆಗೆ ನಿವೇದಿತಾಳಿಗೆ ಒಂದು ಯೋಚನೆ ಬಂತು. ಕಣ್ಣಳತೆ ಮುಂದಿನ ತಪ್ಪುಗಳನ್ನು ತಡೆಯುತ್ತಿದೆ, ಆಗಿಹೋದವುಗಳ ಗತಿಯೇನು? ಸರ್ಕಾರದ ಒಪ್ಪಿಗೆ ಪಡೆದು ಹಳೆಯ ದಾಖಲೆಗಳ ಉಗ್ರಾಣವನ್ನು ಅದಕ್ಕೆ ಓದಲು ಕೊಟ್ಟಳು. ನಲವತ್ತು ವರ್ಷಗಳ ಅರ್ಜಿಗಳು, ಪಟ್ಟಿಗಳು, ಪ್ರವೇಶಪತ್ರಗಳು. ಕಣ್ಣಳತೆ ನಾಲ್ಕು ದಿನ ಓದಿತು. 'ಇಲ್ಲ' ಎಂದು ಉತ್ತರ ಪಡೆದು ಹಿಂತಿರುಗಿದವರಲ್ಲಿ ಒಂದು ಲಕ್ಷದ ಹನ್ನೆರಡು ಸಾವಿರ ಜನರ ಹೆಸರು ಅಂದೇ ಅಲ್ಲೇ ಇತ್ತು. ಅವರಲ್ಲಿ ಬಹುಪಾಲು ಜನ ಆ ಉತ್ತರ ಪಡೆದದ್ದು ಇಪ್ಪತ್ತರ ದಶಕದಲ್ಲಿ, ಎಲ್ಲವನ್ನೂ ಕಾಗದದಿಂದ ಯಂತ್ರಕ್ಕೆ ಏರಿಸುತ್ತಿದ್ದ ಅವಸರದ ವರ್ಷಗಳಲ್ಲಿ.

ಬದುಕಿದ್ದವರಿಗೆಲ್ಲ ಒಂದೊಂದು ಪತ್ರ ಹೋಯಿತು. ಎರಡೇ ಸಾಲು. 'ಇಂಥ ದಿನ ನಿಮ್ಮ ಹೆಸರು ದಾಖಲೆಯಲ್ಲಿ ಇತ್ತು. ಇಲ್ಲವೆಂದು ಹೇಳಿದ್ದು ತಪ್ಪು.'

ಮರುಪತ್ರಗಳು ಬಂದವು. ಕೆಲವರು ಬೈದಿದ್ದರು. ಹೆಚ್ಚಿನವರು ಉಸಿರು ಬಿಟ್ಟಂತೆ ಬರೆದಿದ್ದರು. ಒಂದು ಸಿಂಧನೂರಿನಿಂದ ಬಂದದ್ದು. ಬರೆದವಳು ರಂಜಿತಾ, ಅರವತ್ತು ವರ್ಷದವಳು. 2027ರ ಮಾರ್ಚ್ ಹದಿನಾಲ್ಕು, ಭಾನುವಾರ, ಶಿಕ್ಷಕಿಯರ ನೇಮಕಾತಿ ಪರೀಕ್ಷೆಗೆಂದು ಅವಳು ಹೋಗಿದ್ದಳು. ಕೈಯಲ್ಲಿ ಪ್ರವೇಶಪತ್ರವಿತ್ತು. ಗೇಟಿನಲ್ಲಿ ಕೂತವರು ಯಂತ್ರದಲ್ಲಿ ಹುಡುಕಿ ಹೆಸರಿಲ್ಲವೆಂದರು, ಪತ್ರ ನಕಲಿಯಿರಬೇಕೆಂದರು. ಅವಳ ಅಪ್ಪ ಬುತ್ತಿ ಹಿಡಿದು ರಸ್ತೆಯಾಚೆ ನಿಂತಿದ್ದ. ಅರ್ಜಿಯನ್ನೇ ಹಾಕದೆ ಮನೆಯವರಿಗೆ ಸುಳ್ಳು ಹೇಳಿದ್ದಾಳೆಂದು ಅವನು ನಂಬಿದ. ಅಂದಿನಿಂದ ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಆಮೇಲೆ ಅವಳು ಮನೆಯಲ್ಲೇ ಪಾಠ ಹೇಳಿಕೊಟ್ಟು ನೂರಾರು ಮಕ್ಕಳನ್ನು ದಡ ಹತ್ತಿಸಿದಳು, ಬದುಕು ಕೆಟ್ಟದಾಗಿಯೇನೂ ಹೋಗಲಿಲ್ಲ.

ನಿವೇದಿತಾ ಆ ಪತ್ರದ ಕೊನೆಯ ಭಾಗವನ್ನು ಓದಿ, ಕನ್ನಡಕ ತೆಗೆದಿಟ್ಟು, ಮತ್ತೆ ಓದಿದಳು.

'ಅಪ್ಪನಿಗೆ ಈಗ ಎಂಬತ್ತೊಂಬತ್ತು. ನಿಮ್ಮ ಕಾಗದವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ನಿನ್ನ ಕೈಯಾಗ ಕಾಗದ ಇತ್ತಲ್ಲವಾ. ನಾ ಗೇಟಿಗಿ ಹೋಗಿ, ಈ ಕಾಗದಾನೂ ನಿಮ್ಮ ಪಟ್ಟಿನೂ ಮಗ್ಗಲಿಗಿ ಮಗ್ಗಲು ಇಟ್ಟು ನೋಡ್ರಿ ಅಂದಿದ್ರ ಸಾಕಾಗಿತ್ತು. ಅದಕ್ಕ ಯಾವ ಯಂತ್ರ ಬೇಕಿತ್ತು?" ಅಂದರು.'